ಅಂಗಳದಲ್ಲಿ ಬೇವು ಹಚ್ಚುವ ಮೊದಲು ಇದನ್ನು ನೋಡಿ

ಹೆಸರಿಗೆ ಬಳ್ಳಾರಿ ಜಾಲಿ, ಆದರೆ ಬಳ್ಳಾರಿಯದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಸೈಟಿನ ಮೂಲೆಯಲ್ಲಿ ಅದು ಎದ್ದಿದ್ದರೆ ಮೊದಲು ಬುಡಸಮೇತ ಕೀಳಿಸಿ, ಬರೀ ಕಡಿದರೆ ಮತ್ತೆ ಚಿಗುರುತ್ತದೆ. ನಮ್ಮ ನೆಲದ ಗಿಡ ಅಂದರೆ ಬೇವು, ಹೊಂಗೆ, ಬನ್ನಿ, ಕಕ್ಕೆ, ತಂಗಡಿ.

ನಿಮ್ಮ ಕಾಂಪೌಂಡ್ ಒಳಗೆ ಗಿಡ ಹಚ್ಚೋಕೆ ಯಾರನ್ನೂ ಕೇಳಬೇಕಿಲ್ಲ. ಗೇಟಿನ ಹೊರಗಿನ ಜಾಗ ಮಾತ್ರ ನಿಮ್ಮದಲ್ಲ, ಅಲ್ಲಿ ಗುಂಡಿ ತೋಡುವ ಮುಂಚೆ ಪಾಲಿಕೆಯಲ್ಲೋ ನಗರಸಭೆಯಲ್ಲೋ ಒಂದು ಮಾತು ಕೇಳಿ. ನಿಜವಾದ ತಲೆನೋವು ಕಡಿಯುವಾಗ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ, ಊರೊಳಗಿನ ಮರ ನಿಮ್ಮ ಅಂಗಳದ್ದೇ ಆದರೂ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ರಾತ್ರಿ ತೊಗಟೆ ಸುಲಿದು ಒಣಗಿಸಿಬಿಟ್ಟರೆ ಆಯ್ತು ಅನ್ನುವವರೂ ಇದ್ದಾರೆ, ಕಾಯ್ದೆಯಲ್ಲಿ ಅದೂ ಕಡಿದ ಲೆಕ್ಕವೇ. ತೆಂಗು, ನೀಲಗಿರಿಯಂಥ ಕೆಲವಕ್ಕೆ ಈ ಅನುಮತಿ ಬೇಡ, ಬೇವಿಗೆ ಬೇಕು.

ನಾನು ಎಡವಿದ್ದು ಇದನ್ನೆಲ್ಲ ಯೋಚಿಸದೆ ಹಚ್ಚಿದ್ದರಲ್ಲೇ. ಕಾಂಪೌಂಡಿಗೆ ಎರಡೇ ಅಡಿ ಬಿಟ್ಟು ಬೇವು ಹಚ್ಚಿದೆ, ಎಳೆಯದಿದ್ದಾಗ ಚೆಂದ ಕಾಣುತ್ತಿತ್ತು, ಈಗ ಗೋಡೆ ಹೊಟ್ಟೆ ಬಿಟ್ಟಿದೆ, ಪಕ್ಕದ ಮನೆ ಅಕ್ಕ ದಿನಾ ಉದುರಿದ ಎಲೆ ಗುಡಿಸಿ ನಮ್ಮ ಗೇಟಿನ ಮುಂದೆ ಗುಡ್ಡೆ ಹಾಕಿ ಹೋಗುತ್ತಾರೆ. ಅವರದೂ ತಪ್ಪಲ್ಲ ಬಿಡಿ.

ಅದಕ್ಕೇ ಮೂವತ್ತು-ನಲವತ್ತರ ಸೈಟಾದರೆ ದೊಡ್ಡ ಮರ ಬೇಡವೇ ಬೇಡ. ತಂಗಡಿ ಹಾಕಿ: ಆಳೆತ್ತರದ ಪೊದೆ, ಹಳದಿ ಹೂ, ಒಮ್ಮೆ ಬೇರು ಹಿಡಿದರೆ ನಮ್ಮ ಬಿಸಿಲಿಗೂ ಜಗ್ಗಲ್ಲ. ಮರವೇ ಬೇಕಂದರೆ ಗೋಡೆ, ಸಂಪು, ಕರೆಂಟಿನ ತಂತಿ ಮೂರರಿಂದಲೂ ಹದಿನೈದಡಿಯಾದರೂ ದೂರ ಇರಲಿ. ಶ್ರೀಗಂಧವನ್ನೂ ಬೆಳೆಸಬಹುದು, 2001ರ ತಿದ್ದುಪಡಿಯಿಂದ ಮರ ಜಾಗದವರದ್ದೇ, ಕಡಿಯೋಕೆ ಮಾತ್ರ ಅರಣ್ಯ ಇಲಾಖೆ ಒಪ್ಪಬೇಕು. ಕಳ್ಳರು ಯಾರನ್ನೂ ಕೇಳಲ್ಲ, ಅದು ಬೇರೆ ಮಾತು.

ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಒಂದೆರಡು ಮಳೆ ಬಿದ್ದ ಮೇಲೆ, ಜೂನ್-ಜುಲೈನಲ್ಲಿ ಹಚ್ಚಿ. ಎರೆ (ಕಪ್ಪು) ಮಣ್ಣಾದರೆ ಎರಡಡಿ ಗುಂಡಿ ತೋಡಿ, ಮಸಾರಿ (ಕೆಂಪು) ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಬೇರು ತುಂಡಾಗುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕಿ. ಬುಡಕ್ಕೆ ಒಣ ಎಲೆ ಮುಚ್ಚಿ, ನಾನಂತೂ ಆ ಅಕ್ಕ ಹಾಕಿದ ಗುಡ್ಡೆಯನ್ನೇ ಈಗ ತಂಗಡಿ ಬುಡಕ್ಕೆ ಹಾಕುತ್ತಿದ್ದೇನೆ.