ಟೀ ಶರ್ಟಿನ ಸಾಲ: ಅಮೆರಿಕಕ್ಕೆ ಹೊಸದಾಗಿ ಬಂದಿಳಿದ ಹುಡುಗ ಹುಡುಗಿಯರಿಗೆ

ನನ್ನ ಮೊದಲ ಸಾಲಕ್ಕೆ ಕಾರಣ ಒಂದು ಟೀ ಶರ್ಟು.

2001ರ ಆಗಸ್ಟಿನಲ್ಲಿ ಎಂಎಸ್ ಮಾಡಲು ಟೆಕ್ಸಸ್‌ಗೆ ಬಂದೆ. ಎರಡನೇ ಸೆಮಿಸ್ಟರ್ ಶುರುವಾದಾಗ ಕ್ಯಾಂಪಸ್ಸಿನಲ್ಲಿ ಇಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ಕ್ರೆಡಿಟ್ ಕಾರ್ಡಿಗೆ ಅರ್ಜಿ ತುಂಬಿದರೆ ಟೀ ಶರ್ಟು ಪುಕ್ಕಟೆ. ಪುಕ್ಕಟೆ ಅಂದಮೇಲೆ ನಾವು ಬಿಡುತ್ತೇವಾ? ನಾನೂ ತುಂಬಿದೆ, ನನ್ನ ಹಿಂದೆ ನಿಂತಿದ್ದ ಮೂವರು ಕನ್ನಡದ ಹುಡುಗರನ್ನೂ ಕರೆದು ತುಂಬಿಸಿದೆ. ಮೂರು ಸಲ ಒಗೆದ ಮೇಲೆ ಆ ಟೀ ಶರ್ಟು ಹಿಗ್ಗಿ ದಿಂಬಿನ ಕವರಿನಂತಾಯಿತು. ಕಾರ್ಡಿನ ಲಿಮಿಟ್ಟೂ ಹಿಗ್ಗಿತು. ಮೊದಲು 500 ಡಾಲರು, ಆಮೇಲೆ 1,200, ಕೆಲಸ ಸಿಕ್ಕ ಮೇಲೆ 3,500. ಪ್ರತಿ ಸಲವೂ 'ಅಭಿನಂದನೆಗಳು' ಅಂತ ಕಾಗದ ಬರುತ್ತಿತ್ತು. ಪರೀಕ್ಷೆ ಪಾಸಾದವನ ಹಾಗೆ ನಾನು ಖುಷಿಪಡುತ್ತಿದ್ದೆ.

ಈಗ ಹಾಗೆಲ್ಲ ಮೇಜು ಹಾಕುವಂತಿಲ್ಲ. 2009ರ ಕಾರ್ಡ್ ಕಾಯ್ದೆ ಬಂದಮೇಲೆ ಕಾಲೇಜಿನ ಆವರಣದಲ್ಲಿ ಉಡುಗೊರೆ ಕೊಟ್ಟು ವಿದ್ಯಾರ್ಥಿಗಳಿಂದ ಅರ್ಜಿ ತುಂಬಿಸಿಕೊಳ್ಳುವುದು ನಿಂತಿದೆ. 21 ತುಂಬದವರಿಗೆ ಸ್ವಂತ ಆದಾಯ ತೋರಿಸದೆ ಅಥವಾ ದೊಡ್ಡವರೊಬ್ಬರ ಸಹಿ ಇಲ್ಲದೆ ಕಾರ್ಡು ಕೊಡುವಂತೆಯೂ ಇಲ್ಲ. ಆದರೆ ನೀವು ಬರುವುದೇ 22, 23ನೇ ವಯಸ್ಸಿಗೆ. ನಿಮ್ಮ ಪಾಲಿಗೆ ಆ ಬೇಲಿ ಇದ್ದೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ಬೇಡ ಅನ್ನುವವನಲ್ಲ ನಾನು. ಈ ದೇಶದಲ್ಲಿ ಕಾರ್ಡಿಲ್ಲದೆ ಬದುಕುತ್ತೇನೆ ಅನ್ನೋದು ಸುಮ್ನೆ ಹಟ. ಮನೆ ಬಾಡಿಗೆಗೆ ಕೊಡುವವನು ನಿಮ್ಮ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಹೇಗೆ ತೀರಿಸುತ್ತೀರಿ ಅನ್ನೋದಕ್ಕೆ ಸಿಗುವ ಅಂಕ, ನೋಡುತ್ತಾನೆ. ಕಾರಿನ ಸಾಲಕ್ಕೆ ಬಡ್ಡಿ ಎಷ್ಟು ಅನ್ನೋದನ್ನು ನಿರ್ಧರಿಸುವುದೂ ಅದೇ. ಊರಿನಲ್ಲಿ ನಿಮ್ಮ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಅದು ತಾನಾಗಿ ವಿಮಾನ ಹತ್ತಿ ಬರುವುದಿಲ್ಲ. ಇಲ್ಲಿ ನೀವು ಸೊನ್ನೆ. ಸೊನ್ನೆಯೂ ಅಲ್ಲ, ಯಾಕೆಂದರೆ ಸ್ಕೋರ್ ಶುರುವಾಗೋದೇ 300ರಿಂದ, ಮುಗಿಯೋದು 850ಕ್ಕೆ. ನೀವು ಆ ಪಟ್ಟಿಯಲ್ಲೇ ಇಲ್ಲ.

ಕಾಗದ ಪತ್ರದ ಕೆಲಸ ಹೆಚ್ಚೇನಿಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಬಂದ ಮೇಲೆ ನಿಮ್ಮ ಬ್ಯಾಂಕಿನಲ್ಲಿ ಸೆಕ್ಯೂರ್ಡ್ ಕಾರ್ಡ್, ಅಂದರೆ ಠೇವಣಿಯ ಮೇಲೆ ಕೊಡುವ ಕಾರ್ಡ್ ಕೇಳಿ, 200 ಡಾಲರೋ 300 ಡಾಲರೋ ಠೇವಣಿ ಇಡಿ, ಬಿಲ್ಲು ತಾನಾಗಿ ಕಟ್ಟಿಹೋಗುವಂತೆ ಆಟೋಪೇ ಹಾಕಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅಂತ ಮೂರು ಸಂಸ್ಥೆಗಳಲ್ಲಿ ನಿಮ್ಮ ಸಾಲದ ಜಾತಕ ಇರುತ್ತದೆ. ವರ್ಷಕ್ಕೆ ಒಂದೆರಡು ಸಲ ಮೂರನ್ನೂ ಪುಕ್ಕಟೆ ತೆಗೆದು ನೋಡಿ. ಅಷ್ಟೇ.

ಇನ್ನು ನನ್ನ ತಪ್ಪುಗಳಿಗೆ ಬರೋಣ. ಅವೇ ಜಾಸ್ತಿ ಇವೆ.

ಬಂದ ಹೊಸದರಲ್ಲಿ ನಾವೆಲ್ಲ ಒಂದು ಗುಣಾಕಾರ ಮಾಡುತ್ತೇವೆ, ಅಲ್ವಾ? ಕಾಫಿ ಒಂದೂವರೆ ಡಾಲರು ಅಂದರೆ ಆಗಿನ ಲೆಕ್ಕಕ್ಕೆ ಎಪ್ಪತ್ತು ರೂಪಾಯಿ. ಅಯ್ಯೋ ಬೇಡಪ್ಪ, ರೂಮಿಗೇ ಹೋಗಿ ಮಾಡಿಕೊಳ್ಳೋಣ. ಮೊದಲೇ ಬಂದಿದ್ದವರು ಇದನ್ನು ನೋಡಿ ನಗುತ್ತಿದ್ದರು. "ಇನ್ನೂ ರೂಪಾಯಿಯಲ್ಲೇ ಇದ್ದೀಯಾ? ಇಲ್ಲಿ ದುಡೀತೀಯ, ಇಲ್ಲಿ ಖರ್ಚು ಮಾಡು." ನನಗೂ ನಾಚಿಕೆಯಾಯಿತು. ಆರು ತಿಂಗಳಲ್ಲಿ ಗುಣಾಕಾರ ಬಿಟ್ಟೆ. ಸರಿಯಾಗಿ ಆ ಹೊತ್ತಿಗೇ ಕಾರ್ಡು ಕೈಗೆ ಬಂತು. ನಮ್ಮನ್ನು ಕಾಯುತ್ತಿದ್ದದ್ದು ಆ ಗುಣಾಕಾರವೇ ಅಂತ ಹೊಳೆಯಲು ನನಗೆ ಮೂರು ವರ್ಷ ಹಿಡಿಯಿತು. ಯಾರಾದರೂ ನಕ್ಕರೆ ನಗಲಿ, ಒಂದು ವರ್ಷವಾದರೂ ಗುಣಿಸುತ್ತಲೇ ಇರಿ.

ಎರಡನೆಯದು 'ಮಿನಿಮಮ್' ಅನ್ನೋ ಪದ. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ, ಒಟ್ಟು ಬಾಕಿ ಮತ್ತು ಈ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ನನಗೆ ಎರಡನೆಯದೇ ಬಿಲ್ಲು ಅನ್ನಿಸಿಬಿಟ್ಟಿತು. 3,000 ಡಾಲರಿನ ಬಾಕಿಗೆ ತಿಂಗಳಿಗೆ 60 ಡಾಲರು! ಎಷ್ಟು ಒಳ್ಳೆಯವರಪ್ಪ ಇವರು ಅಂದುಕೊಂಡೆ. ಬಡ್ಡಿ ವರ್ಷಕ್ಕೆ ಶೇಕಡಾ 20. ಅಂದರೆ ತಿಂಗಳಿಗೆ 50 ಡಾಲರು ಬಡ್ಡಿಗೇ ಹೋಗುತ್ತಿತ್ತು. ನಾನು ಕಟ್ಟಿದ 60ರಲ್ಲಿ ಅಸಲಿಗೆ ಸಿಗುತ್ತಿದ್ದದ್ದು 10 ಡಾಲರು. ಇಂಜಿನಿಯರಿಂಗ್ ಓದಿದವನು, ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವನು, ಈ ಲೆಕ್ಕ ಮಾಡಲು ಒಂದೂವರೆ ವರ್ಷ ತೆಗೆದುಕೊಂಡೆ. ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ. ಮಾಡಿದರೆ ಉತ್ತರ ಏನು ಬರುತ್ತದೆ ಅಂತ ಒಳಗೆಲ್ಲೋ ಗೊತ್ತಿತ್ತು.

ಈಗ ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ ಎಷ್ಟು ವರ್ಷ ಬೇಕು ಅಂತ ಬಿಲ್ಲಿನಲ್ಲೇ ಒಂದು ಚೌಕದೊಳಗೆ ಬರೆದಿರಬೇಕು. ಅದೂ 2009ರ ಕಾಯ್ದೆಯದ್ದೇ ಕೊಡುಗೆ. ನಮ್ಮ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೂ ಓದುತ್ತಿದ್ದೆನಾ? ಅನುಮಾನವೇ. ಬಡ್ಡಿ ಮಾತ್ರ ಇಳಿದಿಲ್ಲ, ಈಗಲೂ ಶೇಕಡಾ 20ರ ಮೇಲೇ ಇರುವ ಕಾರ್ಡುಗಳು ಎಷ್ಟೋ. ನಿಮಗೆ ಬರುವ ಲಕೋಟೆಗಳ ಮೇಲೆ ಸೌತ್ ಡಕೋಟ, ಡೆಲವೇರ್ ಅಂತ ವಿಳಾಸ ಯಾಕಿರುತ್ತದೆ ಗೊತ್ತಾ? ಬ್ಯಾಂಕು ತಾನಿರುವ ರಾಜ್ಯದ ಬಡ್ಡಿಯನ್ನೇ ದೇಶದ ಎಲ್ಲರ ಮೇಲೂ ಹಾಕಬಹುದು ಅಂತ 1978ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಸೌತ್ ಡಕೋಟ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. ಬ್ಯಾಂಕುಗಳು ಆ ಕಡೆ ಗುಳೆ ಹೋದವು. ಗುಳೆ ಅಂದರೆ ನಮಗೆ ಬಡವರು ನೆನಪಾಗುತ್ತಾರೆ. ಇಲ್ಲಿ ಹೋದದ್ದು ಲೇವಾದೇವಿ.

ಮೂರನೆಯದು ಹಾಸಿಗೆಯ ಕಥೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಮ್ಮ ಸಾವಿರ ಸಲ ಹೇಳಿದ್ದಳು. ಹಾಸಿಗೆಯನ್ನೇ ಸಾಲಕ್ಕೆ ಕೊಡುವ ದೇಶ ಇದೆ ಅಂತ ಅವಳಿಗೇನು ಗೊತ್ತು? ಕೆಲಸ ಸಿಕ್ಕಿತ್ತು, ನೆಲದ ಮೇಲೆ ಮಲಗಿ ಬೆನ್ನು ನೋಯುತ್ತಿತ್ತು. ಅಂಗಡಿಯವನು 'ಹನ್ನೆರಡು ತಿಂಗಳು ಬಡ್ಡಿಯೇ ಇಲ್ಲ' ಅಂದ. 1,200 ಡಾಲರಿನ ಹಾಸಿಗೆ, ಅಂಗಡಿಯದೇ ಕಾರ್ಡು. ಪ್ರತಿ ತಿಂಗಳು ನಿಯತ್ತಾಗಿ 100 ಡಾಲರು ಕಟ್ಟಿದೆ. ಹನ್ನೊಂದು ಕಂತು ಆಗಿತ್ತು. ಹನ್ನೆರಡನೆಯದು ಸಂಬಳದ ದಿನ ಕಟ್ಟೋಣ ಅಂತಿದ್ದೆ. ಗಡುವು ಅದಕ್ಕಿಂತ ಐದು ದಿನ ಮೊದಲೇ ಮುಗಿದಿತ್ತು. ಮುಂದಿನ ಬಿಲ್ಲಿನಲ್ಲಿ 150 ಡಾಲರಿಗೂ ಜಾಸ್ತಿ ಬಡ್ಡಿ. ಉಳಿದ ನೂರಕ್ಕಲ್ಲ, ಮೊದಲ ದಿನದಿಂದ ಇಡೀ ವರ್ಷದ್ದು. 'ಬಡ್ಡಿ ಇಲ್ಲ' ಅನ್ನೋದು ಬೇರೆ, 'ಬಡ್ಡಿಯನ್ನು ಮುಂದಕ್ಕೆ ಹಾಕಿದ್ದೇವೆ' ಅನ್ನೋದು ಬೇರೆ. ಈ ವ್ಯತ್ಯಾಸ ಸಣ್ಣಕ್ಷರದಲ್ಲಿತ್ತು. ಆ ಹಾಸಿಗೆಯ ಮೇಲೆ ಮಲಗಿದಾಗಲೆಲ್ಲ ಬೆನ್ನಿಗೆ ಆರಾಮು, ಹೊಟ್ಟೆಗೆ ಉರಿ. ಈಗ ಫೋನಿನಲ್ಲೇ 'ನಾಲ್ಕು ಕಂತಿನಲ್ಲಿ ಕೊಡಿ' ಅಂತ ಬೂಟಿಗೂ ಬಟ್ಟೆಗೂ ಕೇಳುತ್ತಾರೆ. ಬೂಟನ್ನು ಕಂತಿನಲ್ಲಿ ಕೊಳ್ಳುವ ಸ್ಥಿತಿ ಇದ್ದರೆ ಹಳೇ ಬೂಟನ್ನೇ ಹಾಕಿಕೊಳ್ಳಿ.

ಇನ್ನೊಂದು ತಪ್ಪು ನನ್ನದಲ್ಲ, ಆದರೆ ನಂಬಿದ್ದು ನಾನೇ. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, "ಪೂರ್ತಿ ಕಟ್ಟಬೇಡ ಕಣಯ್ಯ, ಸ್ವಲ್ಪ ಬಾಕಿ ಉಳಿಸಿದರೇನೇ ಸ್ಕೋರ್ ಬೆಳೆಯೋದು" ಅಂದರು. ಈ ಮಾತು ಇವತ್ತಿಗೂ ನಮ್ಮ ಕೂಟಗಳಲ್ಲಿ ಹೋಳಿಗೆಯ ಜೊತೆಗೇ ಬಡಿಸುತ್ತಾರೆ. ಸುಳ್ಳು. ಸ್ಕೋರಿಗೆ ಬೇಕಾದದ್ದು ಕಾರ್ಡ್ ಬಳಸಿ, ಹೇಳಿದ ದಿನಕ್ಕೆ ಕಟ್ಟುವುದು. ಫೈಕೋ ಅನ್ನೋ ಹೆಚ್ಚು ಬಳಕೆಯ ಸ್ಕೋರಿನಲ್ಲಿ ಶೇಕಡಾ 35 ಇದಕ್ಕೇ. ಲಿಮಿಟ್ಟಿನ ಎಷ್ಟು ಭಾಗ ಬಳಸಿದ್ದೀರಿ ಅನ್ನೋದೂ ಸೇರಿ ಒಟ್ಟು ಬಾಕಿಗೆ ಶೇಕಡಾ 30. ನೀವು ಎಷ್ಟು ಬಡ್ಡಿ ಕಟ್ಟಿದಿರಿ ಅಂತ ಸ್ಕೋರು ಕೇಳುವುದೇ ಇಲ್ಲ. ಸ್ಟೇಟ್‌ಮೆಂಟಿನ ಬಾಕಿ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿ ಇಲ್ಲ. ಸ್ವಲ್ಪ ಉಳಿಸಿದಿರೋ, ಮುಂದಿನ ಖರೀದಿಗೆಲ್ಲ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಮೂವತ್ತು ದಿನ ತಡವಾದರೆ ಆ ಕಪ್ಪು ಚುಕ್ಕೆ ಏಳು ವರ್ಷ ಉಳಿಯುತ್ತದೆ. ಸಾಡೇಸಾತಿಯ ಲೆಕ್ಕಕ್ಕೆ ಅರ್ಧ ವರ್ಷ ಕಡಿಮೆ.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ, ಅದಕ್ಕೆ ಒಂದು ದಿನದ ವಿನಾಯಿತಿಯೂ ಇಲ್ಲ.

ಈಗ ಹೇಳಲು ಕಷ್ಟವಾದದ್ದು. 2004ರ ಜನವರಿ, ರಾತ್ರಿ ಎರಡು ಗಂಟೆಗೆ ಅಣ್ಣನ ಫೋನು. ಅಪ್ಪನಿಗೆ ಎದೆನೋವು, ಐಸಿಯುನಲ್ಲಿದ್ದಾರೆ, ಬಾ. ಟಿಕೆಟ್ 1,600 ಡಾಲರು. ಕಾರ್ಡಿನಲ್ಲಿ ಉಳಿದಿದ್ದದ್ದು 210. ಉಳಿದದ್ದೆಲ್ಲ ಏನಾಗಿತ್ತು? ಒಂದು ಕ್ಯಾಮೆರಾ, ಒಂದು ಟೀವಿ, ಊರಿಗೆ ಹೋದಾಗ ಎಲ್ಲರಿಗೂ ಹಂಚಿದ ಸೆಂಟು, ಚಾಕೊಲೇಟು, ಭಾವನಿಗೆ ವಾಚು. ಅಮೆರಿಕದಲ್ಲಿ ಚೆನ್ನಾಗಿದ್ದೇನೆ ಅಂತ ತೋರಿಸಲು ಮಾಡಿದ ಸಾಲ ಅದು. ಊರಿಗೆ ಹೋಗಲೇಬೇಕಾದಾಗ ಅದೇ ಅಡ್ಡ ಬಂತು.

ರೂಮ್‌ಮೇಟ್ ಹಾಸನದ ಕಡೆಯ ಹುಡುಗ. ಎದ್ದು ಬಂದ, ಲ್ಯಾಪ್‌ಟಾಪ್ ತೆಗೆದ, ತನ್ನ ಕಾರ್ಡಿನಲ್ಲಿ ಟಿಕೆಟ್ ಮಾಡಿದ. ಯಾವಾಗ ಕೊಡ್ತೀಯ ಅಂತ ಕೇಳಲಿಲ್ಲ. ಐದು ತಿಂಗಳಾದ ಮೇಲೆ ಹಣದ ಜೊತೆ 50 ಡಾಲರು ಸೇರಿಸಿ ಕೊಟ್ಟೆ. ಆ ಐವತ್ತನ್ನು ಮೇಜಿನ ಮೇಲೆ ಎಸೆದು ಎರಡು ದಿನ ಮಾತು ಬಿಟ್ಟ. ಕೈಗಡಕ್ಕೆ ಬಡ್ಡಿ ಹಾಕಿದ್ದು ಅವನಿಗೆ ಅವಮಾನವಾಗಿತ್ತು.

ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಬಿಟ್ಟು ಕೇಳಿದ ಎರಡನೇ ಮಾತು, "ಟಿಕೆಟ್ಟಿಗೆ ಎಷ್ಟಾಯ್ತೋ?" ಆಫೀಸಿನವರು ಕೊಟ್ಟರು ಅಂದೆ. ಅವರು ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಆಮೇಲೆ ಹನ್ನೊಂದು ವರ್ಷ ಇದ್ದರು. ನಿಜ ಹೇಳಲಿಲ್ಲ.

ಹಾಗಾಗಿ ನನ್ನ ಒಂದೇ ಒತ್ತಾಯ. ಬೇರೇನು ಮರೆತರೂ ಇದೊಂದು ಮಾಡಿ. ಊರಿಗೆ ಹೋಗಿ ಬರುವ ಟಿಕೆಟ್ಟಿನ ಹಣವನ್ನು ಬೇರೆ ಖಾತೆಯಲ್ಲಿಡಿ. ಅದನ್ನು ಉಳಿತಾಯ ಅಂತ ಕರೆಯಬೇಡಿ, ಟಿಕೆಟ್ ಅಂತಲೇ ಕರೆಯಿರಿ. ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿರುವವರು ಅದರ ಜೊತೆಗೆ ಮೂರು ತಿಂಗಳ ಖರ್ಚನ್ನೂ ಇಡಬೇಕು. ಕೆಲಸ ಹೋದರೆ ಈ ದೇಶದಲ್ಲಿ ಇರಲು ನಿಮಗೆ ಹೆಚ್ಚೆಂದರೆ 60 ದಿನ ಅವಕಾಶ. ಆ ಅರವತ್ತು ದಿನದಲ್ಲಿ ಹೊಸ ಕೆಲಸ ಹುಡುಕುವುದಾ, ಕಾರ್ಡಿನ ಬಿಲ್ಲು ನೋಡಿ ಬೆವರುವುದಾ? 'ಕಾರ್ಡು ಉಜ್ಜಿ ಉಜ್ಜಿ ಊರಿಗೆ ಹೋಗಿಬಿಡು, ಯಾರು ಕೇಳ್ತಾರೆ' ಅನ್ನುವ ಗೆಳೆಯರೂ ಸಿಗುತ್ತಾರೆ. ಅವರ ಸಹವಾಸ ಬಿಡಿ. ನೀವು ಖಾಲಿ ಮಾಡಿಹೋದ ಮನೆಗೆ ಬಾಡಿಗೆಗೆ ಬರುವವನು ಇನ್ನೊಬ್ಬ ಕನ್ನಡದ ಹುಡುಗನೇ. ವಸೂಲಿಯವರ ಫೋನು ಎತ್ತಬೇಕಾದವನು ಅವನು.

ಹಾಗಂತ ಕೈಗಡವನ್ನು ಹೊಗಳುತ್ತಾ ಕೂರಲಾರೆ. ಕೈಗಡದಿಂದ ಮುರಿದ ಸ್ನೇಹಗಳನ್ನೂ ನೋಡಿದ್ದೇನೆ. ಕೇಳುವುದಾದರೆ ತಾರೀಕು ಹೇಳಿ ಕೇಳಿ, ಆ ತಾರೀಕಿಗೆ ಹಣ ಇಲ್ಲದಿದ್ದರೂ ಮುಖ ತೋರಿಸಿ. ನಮ್ಮೂರಿನ ಶೆಟ್ಟರ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಇತ್ತು. ಅದರ ಕೆಳಗೇ ಉದ್ರಿ ಪುಸ್ತಕವೂ ಇತ್ತು. ನಮ್ಮ ಹೆಸರಿನ ಹಾಳೆಯ ಮೇಲೆ ಅಪ್ಪನ ಹೆಸರೂ ಇರಲಿಲ್ಲ, 'ಮೇಷ್ಟ್ರ ಮನೆ' ಅಂತ ಇತ್ತು. ನಮ್ಮ ಸ್ಕೋರ್ ಅದು. ಅದನ್ನು ಕಟ್ಟಲು ಅಪ್ಪನಿಗೆ ಮೂವತ್ತು ವರ್ಷ ಹಿಡಿದಿತ್ತು, ನಾನು ಪುಕ್ಕಟೆ ಬಳಸಿದ್ದೆ. ಇಲ್ಲಿಗೆ ಬಂದಾಗ ಕಳೆದುಕೊಂಡದ್ದು ಅದನ್ನೇ, ಆದರೆ ಏನು ಕಳೆದಿದೆ ಅಂತ ಬಹಳ ದಿನ ತಿಳಿಯಲೇ ಇಲ್ಲ.

ಮಗಳಿಗೆ ಈಗ ಹತ್ತೊಂಬತ್ತು. ಹದಿನಾರಕ್ಕೇ ಅವಳ ಹೆಸರನ್ನೂ ನನ್ನ ಹಳೆಯ ಕಾರ್ಡಿನ ಖಾತೆಗೆ ಸೇರಿಸಿದೆ. ಅದೇ ಟೀ ಶರ್ಟಿನ ಕಾರ್ಡು. ಖಾತೆ ಹಳೆಯದಾದಷ್ಟೂ ಒಳ್ಳೆಯದು, ಅದಕ್ಕೇ ಮುಚ್ಚಿಲ್ಲ. ನಾನು ಬೆವರಿದ್ದೆಲ್ಲ ಅವಳಿಗೆ ಒಳ್ಳೆಯ ಸ್ಕೋರಾಗಿ ಸಿಕ್ಕಿದೆ. ಬಿಲ್ಲು ಬಂದ ದಿನವೇ ಕಟ್ಟುತ್ತಾಳೆ, ನನಗೆ ಹೇಳಿಕೊಡುವಷ್ಟು ಜಾಣೆ. ಅವಳ ಗೆಳತಿಯರು ಕಾಫಿ ಕುಡಿದರೆ ಅಲ್ಲೇ ಫೋನಿನಲ್ಲಿ ನಾಲ್ಕು ಡಾಲರು ಮೂವತ್ತು ಸೆಂಟ್ ಅಂತ ಹಂಚಿಕೊಳ್ಳುತ್ತಾರೆ. ಯಾರಿಗೂ ಯಾರದ್ದೂ ಬಾಕಿ ಇಲ್ಲ. ನೋಡಿದಾಗ ನನಗೆ ಸಮಾಧಾನವೂ ಆಗುತ್ತದೆ, ಏನೋ ಒಂಥರಾನೂ ಆಗುತ್ತದೆ.

ಹೋದ ತಿಂಗಳು ಅವಳ ಸ್ಟೇಟ್‌ಮೆಂಟಿನಲ್ಲಿ 60 ಡಾಲರಿನ ಬಸ್ ಟಿಕೆಟ್ ಕಂಡಿತು. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದೆ. ತನಗಲ್ಲ, ರೂಮ್‌ಮೇಟಿಗೆ, ಅವಳ ಅಜ್ಜಿಗೆ ಹುಷಾರಿರಲಿಲ್ಲ ಅಂದಳು. ಯಾವಾಗ ಕೊಡ್ತಾಳಂತೆ?

"ಕೇಳಿಲ್ಲ."

ಬಡ್ಡಿ ಎಷ್ಟು ಹಾಕ್ತೀಯ ಅಂತ ತಮಾಷೆ ಮಾಡಿದೆ. ಅವಳಿಗೆ ನಗು ಬರಲಿಲ್ಲ.