ಗಂಗಾವತೀಂ ಗಚ್ಛಾಮಿ: ಮನೆಯಲ್ಲೇ ಸಂಸ್ಕೃತ ಕಲಿಯುವುದು ಹೇಗೆ?

ಸಂಸ್ಕೃತ ಕಲಿಯಲು ಕುಳಿತ ಬಹುಪಾಲು ಮಂದಿ ‘ರಾಮಃ ರಾಮೌ ರಾಮಾಃ’ ಬಾಯಿಪಾಠದಲ್ಲೇ ಸುಸ್ತಾಗುತ್ತಾರೆ. ಎಂಟು ವಿಭಕ್ತಿ, ಮೂರು ವಚನ, ಒಂದೇ ಪದಕ್ಕೆ 24 ರೂಪ. ಕೊಪ್ಪಳದ ಮನೆಯಲ್ಲಿ ಒಬ್ಬನೇ ಕುಳಿತು ಕಲಿಯತೊಡಗಿದ ನಾನೂ ಎರಡು ಸಲ ಪುಸ್ತಕ ಮುಚ್ಚಿಟ್ಟಿದ್ದೆ. ಮೂರನೆಯ ಸಲ ಕೈಹಿಡಿದದ್ದು ಬಸ್ಸಿನ ಬೋರ್ಡು: ಗಂಗಾವತಿ.

ಅದಕ್ಕೂ ಮೊದಲು ಉಚ್ಚಾರ. ಲಿಪಿಗಾಗಿ ತಿಂಗಳು ಕಳೆಯಬೇಡಿ. ಬೇಕಾದ ಅಕ್ಷರಗಳು ಕನ್ನಡದಲ್ಲೇ ಇವೆ, ದೇವನಾಗರಿ ನಿಧಾನವಾಗಿ ಬರಲಿ. ನಾಲಿಗೆಯನ್ನು ಮಾತ್ರ ಮೊದಲ ವಾರವೇ ತಿದ್ದಿಕೊಳ್ಳಿ. ಮಹಾಪ್ರಾಣ ತಪ್ಪಿದರೆ ಧನ ಹೋಗಿ ದನವಾಗುತ್ತದೆ. ವಿಸರ್ಗವನ್ನು ಹಿಂದಿನ ಸ್ವರದೊಂದಿಗೆ ಉಸುರಿ: ರಾಮಃ ‘ರಾಮಹ’, ಹರಿಃ ‘ಹರಿಹಿ’.

ಎರಡನೆಯದು ಕ್ರಿಯಾಪದ. ಗಚ್ಛಾಮಿ (ಹೋಗುತ್ತೇನೆ), ಪಿಬಾಮಿ (ಕುಡಿಯುತ್ತೇನೆ), ಪಠಾಮಿ (ಓದುತ್ತೇನೆ), ವಸಾಮಿ (ವಾಸಿಸುತ್ತೇನೆ), ಇಂಥ ಹತ್ತು ಸಾಕು. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಮೂರಕ್ಕೂ ಸಂಸ್ಕೃತದಲ್ಲಿ ‘ಗಚ್ಛತಿ’ ಒಂದೇ. ಈ ರಿಯಾಯಿತಿಯನ್ನು ಭಾಷೆ ನಾಮಪದದಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅಲ್ಲಿ ಲಿಂಗ ಅರ್ಥವನ್ನು ಕೇಳುವುದಿಲ್ಲ. ಗೆಳೆಯ ಎಂಬರ್ಥದ ‘ಮಿತ್ರಂ’ ನಪುಂಸಕ. ಹೆಂಡತಿ ಎಂಬರ್ಥದ ‘ದಾರಾಃ’ ಪುಲ್ಲಿಂಗ, ಅದೂ ಬಹುವಚನ!

ಈಗ ಬಸ್ ಹತ್ತಿ. ‘ಗಂಗಾವತೀ’ ಶಬ್ದ ‘ನದೀ’ ಶಬ್ದದಂತೆ ನಡೆಯುತ್ತದೆ, ಅಂದರೆ ಅದರಂತೆಯೇ ವಿಭಕ್ತಿರೂಪ ಪಡೆಯುತ್ತದೆ. ಅಹಂ ಗಂಗಾವತೀಂ ಗಚ್ಛಾಮಿ, ಎಂದರೆ ಗಂಗಾವತಿಗೆ ಹೋಗುತ್ತೇನೆ. ಗಂಗಾವತ್ಯಾಃ ಆಗಚ್ಛಾಮಿ, ಅಲ್ಲಿಂದ ಬರುತ್ತೇನೆ. ಗಂಗಾವತ್ಯಾಂ ವಸಾಮಿ, ಅಲ್ಲಿ ವಾಸಿಸುತ್ತೇನೆ. ಪದಗಳ ಸಾಲು ನಮ್ಮದೇ. ಆದರೆ ನಾವು ‘ಗೆ’ ಎನ್ನುವಲ್ಲಿ ಇಲ್ಲಿ ದ್ವಿತೀಯಾ, ಅಂದರೆ ನಮ್ಮ ‘ಅನ್ನು’ ವಿಭಕ್ತಿ, ಬಂದಿದೆ. ‘ತ್ಯಾ’ ಎಲ್ಲಿಂದ ಬಂತು? ಹೈಸ್ಕೂಲಿನ ಯಣ್ ಸಂಧಿ ನೆನಪಿಸಿಕೊಳ್ಳಿ. ಮುಂದೆ ಆಕಾರ ಬಂದದ್ದರಿಂದ ಈಕಾರ ಯಕಾರವಾಗಿದೆ. ನದೀ ಶಬ್ದದ ಪಟ್ಟಿಯನ್ನು ಈ ಹಂತದಲ್ಲಿ ತೆರೆದರೆ ಅರ್ಧ ಪರಿಚಿತವಾಗಿಯೇ ಕಾಣುತ್ತದೆ. ಹಾಗೆಯೇ ತುಂಗಭದ್ರೆಯನ್ನು ‘ಮಾಲಾ’ ಶಬ್ದದಂತೆ ನಡೆಸಿ: ತುಂಗಭದ್ರಾಯಾಃ ಜಲಂ ಪಿಬಾಮಿ. ಕನ್ನಡದಲ್ಲಿಲ್ಲದ ದ್ವಿವಚನಕ್ಕೆ ಹೊಲದ ಜೋಡಿ ಎತ್ತುಗಳಿವೆ: ವೃಷಭೌ ಗಚ್ಛತಃ, ಎರಡು ಎತ್ತುಗಳು ಹೋಗುತ್ತವೆ. ದಿನಕ್ಕೆ ಐದು ವಾಕ್ಯ, ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯಿರಿ.

ಗೊತ್ತಿರುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ಸಂಸ್ಕೃತದ ‘ಅವಸರ’ ಆತುರವಲ್ಲ, ತಕ್ಕ ಸಮಯ. ‘ಚೇಷ್ಟಾ’ ಎಂದರೆ ಕಿಡಿಗೇಡಿತನವಲ್ಲ, ಬರೀ ಚಲನೆ. ಇಂಥವಕ್ಕೆ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಮೀಸಲಿಡಿ. ನನ್ನದರಲ್ಲಿ ರಟ್ಟಿನ ಮೇಲೂ ಬರೆದಾಗಿದೆ.

ಮೂರು ತಿಂಗಳಾದ ಮೇಲೆ ಕಿವಿಗೆ ಕೆಲಸ ಕೊಡಿ. ಆಕಾಶವಾಣಿ 1974ರಲ್ಲೇ ಸಂಸ್ಕೃತ ವಾರ್ತೆ ಆರಂಭಿಸಿತು. ಸುದ್ದಿ ಮೊದಲೇ ಗೊತ್ತಿದ್ದರೆ ಭಾಷೆ ಅರ್ಧ ಬಿಡಿಸಿಕೊಳ್ಳುತ್ತದೆ. ಮಾತನಾಡಲು ಜೊತೆ ಬೇಕೆನಿಸಿದರೆ ಸಂಸ್ಕೃತ ಮಾತನಾಡಲು ಕಲಿಸುವ ಸಂಸ್ಥೆಯಾದ ಸಂಸ್ಕೃತ ಭಾರತಿಯ ಹತ್ತು ದಿನಗಳ ಸಂಭಾಷಣಾ ಶಿಬಿರಗಳಿವೆ.

ಹುರುಪು ಹೆಚ್ಚಾಗಿ ಅಶೋಕನ ಶಾಸನ ಓದಲೆಂದು ಗವಿಮಠದ ಬೆಟ್ಟ ಮಾತ್ರ ಹತ್ತಬೇಡಿ. ನಾನು ಹತ್ತಿದ್ದೆ. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ.