ಹೆರಿಗೆ ರಜೆಯಲ್ಲಿದ್ದಾಗ ಹುದ್ದೆ ರದ್ದು: ನನ್ನ ಅನುಭವ

ನಾನಿರುವುದು ಲಂಡನ್‌ನಲ್ಲಿ. ಹೆರಿಗೆ ರಜೆಯಲ್ಲಿದ್ದಾಗ ಆಫೀಸಿನಿಂದ ಮೇಲ್ ಬಂತು. ನಿಮ್ಮ ಹುದ್ದೆ ತೆಗೆಯುತ್ತಿದ್ದೇವೆ, ಖಾಲಿ ಇರುವ ಇನ್ನೊಂದಕ್ಕೆ ಎಲ್ಲರ ಜೊತೆ ಇಂಟರ್‌ವ್ಯೂ ಕೊಡಿ ಅಂತ. ಎದೆ ಧಸಕ್ಕೆಂದಿತು.

ಕೆಲಸದ ಹಕ್ಕುಗಳ ಬಗ್ಗೆ ಸಲಹೆ ಕೊಡುವ, ಸರ್ಕಾರದ ನೆರವಿನ ಏಕಾಸ್ (Acas) ಸಹಾಯವಾಣಿಗೆ ಫೋನ್ ಮಾಡಿದೆ. ಬ್ರಿಟನ್‌ನ 1999ರ ಹೆರಿಗೆ ರಜೆ ನಿಯಮಾವಳಿಯ 10ನೇ ನಿಯಮದ ಪ್ರಕಾರ, ಸರಿಹೊಂದುವ ಹುದ್ದೆ ಖಾಲಿ ಇದ್ದರೆ ರಜೆಯಲ್ಲಿರುವ ತಾಯಿಗೆ ಅದನ್ನು ಮೊದಲು ಕೊಡಲೇಬೇಕು. ಇಂಟರ್‌ವ್ಯೂ ಮಾತೇ ಇಲ್ಲ! 2024ರ ಏಪ್ರಿಲ್ 6ರಿಂದ ಈ ರಕ್ಷಣೆ ಜಾಸ್ತಿಯಾಗಿದೆ. ಬಸುರಿ ಎಂದು ಆಫೀಸಿಗೆ ತಿಳಿಸಿದಾಗಿನಿಂದ ಮಗುವಿಗೆ 18 ತಿಂಗಳು ತುಂಬುವವರೆಗೂ ಇರುತ್ತದೆ. ಅದಕ್ಕೇ ಬಸುರಿಯರೇ, ಬಾಯಿಮಾತಲ್ಲಿ ಹೇಳಿ ಸುಮ್ನಾಗಬೇಡಿ, ಮೇಲ್ ಹಾಕಿ.

ನಿಯಮದ ಸಂಖ್ಯೆ ಸಮೇತ ಎಚ್‌ಆರ್‌ಗೆ ಬರೆದೆ. ಇಂಟರ್‌ವ್ಯೂ ಕೈಬಿಟ್ಟು ಹುದ್ದೆಯನ್ನು ನನಗೇ ಕೊಟ್ಟರು. ಸಂಬಳವೂ ಮೊದಲಿನಷ್ಟೇ.